ಟ್ರೋಲ್‌ಗಳ ಬೆಂಕಿ ನದಿಯಿಂದ ಎಷ್ಟು ದೂರ?

ಮೂರು ವಾರದಿಂದ ನನ್ನ ಮೇಜಿನ ಮೇಲೆ ಇಂಗ್ಲಿಷ್ ಕಾದಂಬರಿಕಾರ ಟೋಲ್ಕಿನ್ ಅವರು ಕಲ್ಪಿಸಿದ ಲೋಕ ಮಿಡ್ಲ್ ಅರ್ಥ್‌ನ ನಕ್ಷೆ ಹರಡಿಕೊಂಡೇ ಇದೆ. ಅದರ ಮೇಲೊಂದು ಟ್ರೇಸಿಂಗ್ ಪೇಪರ್, ಪಕ್ಕದಲ್ಲಿ ಹೊಲಿಗೆ ದಾರದ ಉಂಡೆ. ರಸ್ತೆ ಬಳುಕಿದ ಹಾಗೆಲ್ಲ ದಾರವನ್ನೂ ಬಳುಕಿಸುತ್ತೇನೆ. ಆಮೇಲೆ ಅದನ್ನು ನೆಟ್ಟಗೆ ಎಳೆದು ಸ್ಕೇಲಿಗೆ ಹಿಡಿದರೆ ಎಷ್ಟು ಮೈಲಿ ಅಂತ ಗೊತ್ತಾಗುತ್ತದೆ.

ಆದರೆ ದಾರಕ್ಕಿಂತ ನಾನು ಜಾಸ್ತಿ ನಂಬುವುದು ದಿನಗಳ ಲೆಕ್ಕವನ್ನು. 1954ರಲ್ಲಿ ಬರಲು ಶುರುವಾದ ಅವರ 'ಲಾರ್ಡ್ ಆಫ್ ದ ರಿಂಗ್ಸ್' ಕಾದಂಬರಿಯ ಕೊನೆಯಲ್ಲಿರುವ ಒಂದು ಅನುಬಂಧದಲ್ಲಿ ಯಾರು ಯಾವ ದಿನ ಎಲ್ಲಿದ್ದರು ಅನ್ನುವ ಪಟ್ಟಿಯೇ ಇದೆ. ವೆದರ್‌ಟಾಪ್ ಬೆಟ್ಟದ ಮೇಲೆ ಗುಂಪಿಗೆ ದಾರಿ ತೋರಿಸುವ ಅರಗಾರ್ನ್ ಹೇಳುತ್ತಾನೆ: ತಾನೊಬ್ಬನೇ ನಡೆದರೆ ಬ್ರೂಯಿನೆನ್ ನದಿ ದಾಟುವ ಜಾಗಕ್ಕೆ 12 ದಿನ, ಎಲ್ಲರೂ ಸೇರಿದರೆ ಕಡಿಮೆ ಅಂದರೂ ಎರಡು ವಾರ. ಅವತ್ತು ಅಕ್ಟೋಬರ್ 6. ಪಟ್ಟಿಯಲ್ಲಿ ಕಥಾನಾಯಕ ಫ್ರೋಡೋ, ಹಾಬಿಟ್ ಅನ್ನುವ ಕುಳ್ಳ ಜನರಲ್ಲೊಬ್ಬ, ಆ ನದಿ ದಾಟುವುದು ಅಕ್ಟೋಬರ್ 20ಕ್ಕೆ. ಸರಿಯಾಗಿ 14 ದಿನ! ಇದನ್ನು ಮೊದಲ ಸಲ ಎಣಿಸಿದಾಗ ಎದ್ದು ನಿಂತುಬಿಟ್ಟೆ.

ಇಂಥ ಸಾಲುಗಳು ಇನ್ನೂ ಇವೆ. ಅರಗಾರ್ನ್ ಮತ್ತು ಅವನ ಜೊತೆಗಾರರಾದ ಲೆಗೊಲಾಸ್, ಗಿಮ್ಲಿ ಓಡಿದ್ದು 45 ಲೀಗ್ ಅಂತ ದಾರಿಯಲ್ಲಿ ಸಿಕ್ಕ ಕುದುರೆ ಸವಾರರ ನಾಯಕ ಎಯೊಮೆರ್ ಲೆಕ್ಕ ಹೇಳುತ್ತಾನೆ, ಅದೂ ನಾಲ್ಕನೇ ದಿನ ಮುಗಿಯುವ ಮೊದಲೇ. ಒಂದು ಲೀಗ್ ಅಂದರೆ ಸುಮಾರು ಮೂರು ಮೈಲಿ, ಅಲ್ಲಿಗೆ 135 ಮೈಲಿ. ಪಟ್ಟಿಯಲ್ಲಿ ಆ ದಿನ ಫೆಬ್ರವರಿ 30. ಅಚ್ಚಿನ ತಪ್ಪಲ್ಲ. ಹಾಬಿಟ್‌ಗಳ ಕ್ಯಾಲೆಂಡರಿನಲ್ಲಿ ಎಲ್ಲ ತಿಂಗಳಿಗೂ 30 ದಿನ.

ನನ್ನನ್ನು ಮೂರು ವಾರ ಕೂರಿಸಿದ್ದು ಮಾತ್ರ ಮನುಷ್ಯರನ್ನು ತಿನ್ನುವ ದೈತ್ಯರಾದ ಟ್ರೋಲ್‌ಗಳು. ಟೋಲ್ಕಿನ್ ಅವರ ಮೊದಲಿನ ಪುಸ್ತಕ, 1937ರ 'ದ ಹಾಬಿಟ್' ಕಥೆಯಲ್ಲಿ ಕುಬ್ಜರ ಗುಂಪು ನದಿಯ ಹತ್ತಿರ ರಾತ್ರಿ ತಂಗಲು ನೋಡುತ್ತದೆ. ಒಂದು ಕುದುರೆ ಬೆದರಿ ನೀರಿಗೆ ನುಗ್ಗಿ, ಊಟದ ಸಾಮಾನು ಹೊಳೆಪಾಲಾಗುತ್ತದೆ. ಅದೇ ರಾತ್ರಿ ದೂರದಲ್ಲಿ ಬೆಂಕಿ ಕಾಣಿಸುತ್ತದೆ, ಹೋಗಿ ನೋಡಿದರೆ ಟ್ರೋಲ್‌ಗಳು. ಅಂದರೆ ನದಿಗೂ ಆ ಜಾಗಕ್ಕೂ ಸ್ವಲ್ಪ ಹೊತ್ತಿನ ದಾರಿ, ಅಷ್ಟೇ. ಈಗ ಫ್ರೋಡೋ ಕಡೆ ಬನ್ನಿ. ಅವನ ಗುಂಪು ಅದೇ ನದಿಯ ಮೇಲಿನ ಲಾಸ್ಟ್ ಬ್ರಿಡ್ಜ್ ಅನ್ನುವ ಸೇತುವೆ ದಾಟಿದ್ದು ಅಕ್ಟೋಬರ್ 13ಕ್ಕೆ. ಹಳೆಯ ಕಥೆಯಲ್ಲಿ ಬೆಳಗಾಗುತ್ತಲೇ ಕಲ್ಲಾಗಿ ನಿಂತ ಅದೇ ಟ್ರೋಲ್‌ಗಳ ಹತ್ತಿರ ಬಂದಿದ್ದು 18ಕ್ಕೆ.

ಐದು ದಿನ! ಅವರು ರಸ್ತೆ ಬಿಟ್ಟು ಗುಡ್ಡಗಳಲ್ಲಿ ಅಲೆದರು, ಮಳೆ ಹಿಡಿಯಿತು, ಫ್ರೋಡೋಗೆ ಗಾಯವಾಗಿತ್ತು, ಉತ್ತರಕ್ಕೆ ಜಾಸ್ತಿ ಹೋಗಿಬಿಟ್ಟರು. ಇದಕ್ಕೆಲ್ಲ ಎರಡು ದಿನ, ಬೇಕಾದರೆ ಮೂರು ದಿನ ಕಳೆಯಿರಿ. ಆದರೂ ಅದು ಸ್ವಲ್ಪ ಹೊತ್ತಿನ ದಾರಿ ಆಗುವುದಿಲ್ಲ. 1981ರಲ್ಲಿ ಮಿಡ್ಲ್ ಅರ್ಥ್‌ಗೆ ಅಟ್ಲಾಸ್ ಮಾಡಿದ ಕರೆನ್ ವಿನ್ ಫಾನ್‌ಸ್ಟಾಡ್ ಕೂಡ ಈ ಗಂಟನ್ನು ಎತ್ತಿ ತೋರಿಸಿದ್ದಾರೆ.

ಹಾಗಾದರೆ ನಕ್ಷೆ ತಪ್ಪೋ, ಕಥೆ ತಪ್ಪೋ? ಈ ಪ್ರಶ್ನೆಯೇ ಸರಿಯಿಲ್ಲ ಅಂತ ಈಗ ನನಗೆ ಅನ್ನಿಸುತ್ತದೆ. ತಾನು ಮೊದಲು ನಕ್ಷೆ ಮಾಡಿಕೊಂಡು ಅದಕ್ಕೆ ಕಥೆ ಹೊಂದಿಸಿದೆ ಅಂತ ಟೋಲ್ಕಿನ್ 1954ರ ಒಂದು ಪತ್ರದಲ್ಲಿ ಬರೆದಿದ್ದಾರೆ. ಅದು 'ಲಾರ್ಡ್ ಆಫ್ ದ ರಿಂಗ್ಸ್' ಬಗ್ಗೆ ಹೇಳಿದ ಮಾತು. ಟ್ರೋಲ್‌ಗಳ ಬೆಂಕಿ ಅದಕ್ಕಿಂತ ಹಳೆಯದು. ಮಕ್ಕಳಿಗೆ ಹೇಳಿದ ಕಥೆಯಲ್ಲಿ ಉರಿದ ಬೆಂಕಿ ಅದು. ಆಗ ಆ ನದಿಗೆ ಹೆಸರೂ ಇರಲಿಲ್ಲ. ಅಲ್ಲಿ ಬೇಕಾಗಿದ್ದು ಹಸಿವು, ಕತ್ತಲೆ, ದೂರದಲ್ಲಿ ಒಂದು ಬೆಳಕು. ಮೈಲಿ ಯಾರಿಗೆ ಬೇಕಿತ್ತು?

ಟೋಲ್ಕಿನ್ ಇದನ್ನು ಹಾಗೇ ಬಿಡಲಿಲ್ಲ ಅನ್ನುವುದು ನನಗೆ ತುಂಬಾ ಇಷ್ಟ. 1960ರಲ್ಲಿ 'ದ ಹಾಬಿಟ್' ಅನ್ನು ದೊಡ್ಡ ಪುಸ್ತಕಕ್ಕೆ ಹೊಂದುವ ಹಾಗೆ ತಿದ್ದಿ ಬರೆಯಲು ಕೂತರು, ಅರ್ಧಕ್ಕೆ ನಿಲ್ಲಿಸಿದರು. 1966ರ ಆವೃತ್ತಿಯಲ್ಲಿ ಆ ನದಿಗೆ ಒಂದು ಹಳೆಯ ಕಲ್ಲಿನ ಸೇತುವೆ ಬಂತು. ಸೇತುವೆ ಬಂತು, ದೂರ ಮಾತ್ರ ಕರಗಲಿಲ್ಲ.

ಬೆಂಕಿಯ ಜಾಗ ಗುರುತಿಸಲು ಮೊದಲು ನಾನು ಎರಡೂ ಪುಸ್ತಕಗಳ ಲೆಕ್ಕದ ನಡುವೆ ಒಂದು ಚುಕ್ಕೆ ಇಟ್ಟಿದ್ದೆ. ನಿನ್ನೆ ಅದನ್ನು ಅಳಿಸಿದೆ. ಅಲ್ಲಿಗೆ ಯಾವ ಪುಸ್ತಕದ ಯಾರೂ ಹೋಗಿಲ್ಲ, ಸುಮ್ನೆ ನಾನು ಕಲ್ಪಿಸಿದ ಜಾಗ ಅದು. ಈಗ ಎರಡು ಚುಕ್ಕೆ ಇವೆ. ನದಿಯ ಪಕ್ಕದ್ದಕ್ಕೆ ಕೆಂಪು ಪೆನ್ಸಿಲಿನಲ್ಲಿ 1937 ಅಂತ ಬರೆದಿದ್ದೇನೆ. ಗುಡ್ಡಗಳ ಆಚೆಯದ್ದಕ್ಕೆ ನೀಲಿಯಲ್ಲಿ 1954.