ಬಣ್ಣಕ್ಕೆ ಮೊದಲು ನೀರು

ಬೆಂಗಳೂರಿನಲ್ಲಿ ಮನೆ ಕಟ್ಟಿಸಿ, ತಾವು ಬೇರೆ ಊರಿನಲ್ಲೋ ಹೊರದೇಶದಲ್ಲೋ ನೆಲೆಸಿರುವ ಮಾಲೀಕರ ಪರವಾಗಿ ಬಾಡಿಗೆ ಮನೆಗಳನ್ನು ನೋಡಿಕೊಳ್ಳುವುದು ನನ್ನ ಉದ್ಯೋಗ. ಹಳೆಯ ಬಾಡಿಗೆದಾರರು ಬೀಗದ ಕೈ ಒಪ್ಪಿಸಿದ ದಿನವೇ ಮಾಲೀಕರಿಂದ ಬರುವ ಮೊದಲ ಪ್ರಶ್ನೆ, ಪೇಂಟರ್ ಯಾವಾಗ ಬರುತ್ತಾರೆ ಎಂಬುದು. ಮನೆ ಬಿಡುವವರ ಅಡ್ವಾನ್ಸಿನಲ್ಲಿ ಒಂದು ತಿಂಗಳ ಬಾಡಿಗೆಯನ್ನು ಬಣ್ಣಕ್ಕೆಂದು ಹಿಡಿದುಕೊಳ್ಳುವ ರೂಢಿ ಈ ಊರಿನಲ್ಲಿ ಬೇರೂರಿರುವುದರಿಂದ, ಮನೆಯನ್ನು ಸಿದ್ಧಪಡಿಸುವುದೆಂದರೆ ಬಣ್ಣ ಬಳಿಸುವುದೇ ಎಂಬ ಭಾವನೆ ಅನೇಕರಲ್ಲಿದೆ. ನಾನು ಪೇಂಟರ್‌ಗೆ ಹೇಳಿಕಳುಹಿಸುವುದು ಎಲ್ಲಕ್ಕಿಂತ ಕೊನೆಗೆ.

ಮೊದಲ ಕೆಲಸ ನೀರಿನ ಪರೀಕ್ಷೆ. ತಾರಸಿಯ ಟ್ಯಾಂಕನ್ನು ತುಂಬಿಸಿ, ಎಲ್ಲ ನಲ್ಲಿಗಳನ್ನೂ ಬಿಗಿಯಾಗಿ ಮುಚ್ಚಿ, ನೀರಿನ ಮಟ್ಟಕ್ಕೆ ಗುರುತು ಹಾಕಿ ಒಂದು ರಾತ್ರಿ ಬಿಡುತ್ತೇವೆ. ಬೆಳಿಗ್ಗೆ ಮಟ್ಟ ಇಳಿದಿದ್ದರೆ ಪೈಪಿನಲ್ಲೋ ಫ್ಲಶ್ ಟ್ಯಾಂಕಿನಲ್ಲೋ ಸೋರಿಕೆ ಇದೆ ಎಂದರ್ಥ. ಮಟ್ಟ ಹಾಗೆಯೇ ಇದ್ದರೆ, ಬಚ್ಚಲುಮನೆಯ ಮೋರಿಯ ಬಾಯಿಗೆ ಬಟ್ಟೆ ತುರುಕಿ, ನೆಲದ ಮೇಲೆ ಎರಡು ಬೆರಳಿನಷ್ಟು ನೀರನ್ನು ಮರುದಿನದವರೆಗೆ ನಿಲ್ಲಿಸುತ್ತೇವೆ. ಆಗ ಪಕ್ಕದ ಕೋಣೆಯ ಗೋಡೆಯ ಬುಡದಲ್ಲಿಯೋ ಕೆಳಮನೆಯ ಸೀಲಿಂಗಿನಲ್ಲಿಯೋ ತೇವ ಕಾಣಿಸಿಕೊಂಡರೆ, ದೋಷ ಟೈಲ್ಸಿನ ಸಂದುಗಳಲ್ಲಿ ಅಥವಾ ಮೋರಿಯ ಅಂಚಿನಲ್ಲಿದೆ. ಈ ವ್ಯತ್ಯಾಸ ತಿಳಿಯದೆ ಗೋಡೆ ಒಡೆಸಿದರೆ ಖರ್ಚು ಬೆಳೆಯುತ್ತದೆ. ತೇವದ ಮೂಲವನ್ನೇ ಹುಡುಕದೆ ಪುಟ್ಟಿ ಮೆತ್ತಿ ಬಣ್ಣ ಬಳಿದರಂತೂ ಗೋಡೆ ಮತ್ತೆ ಉಬ್ಬಿ, ಹೊಸ ಬಣ್ಣವೂ ಹಪ್ಪಳದಂತೆ ಎದ್ದು ಉದುರುತ್ತದೆ.

ಆಷಾಢದಲ್ಲಿ ಹಾಲು ಉಕ್ಕಿಸಿ ಹೊಸ ಮನೆ ಸೇರುವವರು ಕಡಿಮೆಯಾದ್ದರಿಂದ, ಆ ತಿಂಗಳ ಬಾಡಿಗೆ ಕೈತಪ್ಪಿತೆಂದು ಮಾಲೀಕರು ಕೊರಗುತ್ತಾರೆ. ರಿಪೇರಿಗೆ ಅದಕ್ಕಿಂತ ಒಳ್ಳೆಯ ಕಾಲವಿಲ್ಲ ಎಂಬುದು ನನ್ನ ಅಭಿಪ್ರಾಯ. ತಾರಸಿಯ ಬಿರುಕು, ಸಜ್ಜೆಯ ಮೇಲೆ ನಿಲ್ಲುವ ನೀರು, ಕಿಟಕಿಯ ಚೌಕಟ್ಟಿನ ಬದಿಯಿಂದ ಇಳಿಯುವ ಜಿನುಗು, ಇವೆಲ್ಲವನ್ನೂ ಮಳೆಯೇ ತೋರಿಸಿಕೊಡುತ್ತದೆ. ಬಣ್ಣವನ್ನು ಮಾತ್ರ ಗೋಡೆ ಪೂರ್ತಿ ಒಣಗುವವರೆಗೆ ತಡೆಹಿಡಿಯಬೇಕು.

ಕೆಲವು ವಾರ ಮುಚ್ಚಿದ್ದ ಮನೆಯ ಬಾಗಿಲು ತೆರೆದೊಡನೆ ದುರ್ವಾಸನೆ ಬಡಿದರೆ, ಚರಂಡಿ ಕಟ್ಟಿಕೊಂಡಿದೆ ಎಂದು ಗಾಬರಿಯಾಗಬೇಕಿಲ್ಲ. ಮೋರಿಯ ಕೆಳಗಿನ ಬಾಗಿದ ಭಾಗವಾದ ಟ್ರ್ಯಾಪ್‌ನಲ್ಲಿ ಸದಾ ನಿಂತಿರಬೇಕಾದ ನೀರು ಆರಿಹೋಗಿ, ಚರಂಡಿಯೊಳಗಿನ ಗಾಳಿಗೂ ಜಿರಳೆಗಳಿಗೂ ದಾರಿಯಾಗಿರುತ್ತದೆ. ಪ್ರತಿ ಮೋರಿಗೂ ಒಂದೊಂದು ಚೊಂಬು ನೀರು ಸುರಿದರೆ ಸಾಕು. ಮನೆ ತೋರಿಸುವ ಹಿಂದಿನ ದಿನ ನಾನು ತಪ್ಪದೆ ಮಾಡಿಸುವ ಕೆಲಸವಿದು.

ಬೋರ್‌ವೆಲ್ ನೀರಿನ ಮನೆಗಳಲ್ಲಿ ಗೀಸರನ್ನು ಬಿಚ್ಚಿಸಿಯೇ ನೋಡಬೇಕು. ಗಡಸು ನೀರಿನಿಂದ ಕಾಯಿಲ್ ಮೇಲೆ ಸುಣ್ಣದಂಥ ಬಿಳಿ ಪದರ ಕಟ್ಟಿಕೊಂಡು, ನೀರು ಕಾಯುವುದು ತಡವಾಗುತ್ತದೆ, ಕಾಯಿಲ್ ಬೇಗ ಸುಡುತ್ತದೆ. ಮತ್ತೆ ಜೋಡಿಸಿದ ಮೇಲೆ ಬಿಸಿನೀರಿನ ನಲ್ಲಿಯಿಂದ ಧಾರೆಯಾಗಿ ನೀರು ಬರುವವರೆಗೆ ಸ್ವಿಚ್ ಹಾಕಬಾರದು. ಜೊತೆಗೆ ವಿದ್ಯುತ್ ಬೋರ್ಡಿನಲ್ಲಿರುವ, ಕರೆಂಟ್ ಸೋರಿದರೆ ತಾನೇ ಸಂಪರ್ಕ ಕಡಿಯುವ ಇಎಲ್‌ಸಿಬಿಯ ಟೆಸ್ಟ್ ಗುಂಡಿಯನ್ನು ಒತ್ತಿ ನೋಡಬೇಕು. ಒತ್ತಿದ ಕೂಡಲೇ ಕರೆಂಟ್ ಕಡಿತಗೊಳ್ಳದಿದ್ದರೆ ಎಲೆಕ್ಟ್ರಿಷಿಯನ್ ಬಂದು ಸರಿಪಡಿಸುವವರೆಗೆ ಮನೆಯನ್ನು ಯಾರಿಗೂ ಒಪ್ಪಿಸುವುದಿಲ್ಲ ಎಂದು ಮಾಲೀಕರಿಗೆ ಬರೆದು ತಿಳಿಸುತ್ತೇನೆ.

ಹನ್ನೊಂದು ತಿಂಗಳ ಕರಾರುಪತ್ರದೊಂದಿಗೆ ಫ್ಯಾನು, ಲೈಟು, ವಾರ್ಡ್‌ರೋಬಿನ ಕೀಲಿಗಳವರೆಗೆ ಎಲ್ಲವನ್ನೂ ನಮೂದಿಸಿದ ಪಟ್ಟಿಯನ್ನು ಲಗತ್ತಿಸಿ, ಗೋಡೆಗಳ ಫೋಟೋಗಳನ್ನು ಎರಡೂ ಕಡೆಯವರಿಗೆ ಕಳುಹಿಸುವುದರಿಂದ ಅಡ್ವಾನ್ಸ್ ವಾಪಸಿನ ಜಗಳಗಳು ಬಹುಪಾಲು ಹುಟ್ಟುವುದೇ ಇಲ್ಲ. 2023ರಲ್ಲಿ ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆ ಬಂದ ಮೇಲೆ ಇನ್ನೊಂದು ಕೆಲಸ ಸೇರಿಕೊಂಡಿದೆ. ಮನೆ ಬಿಟ್ಟವರ ಆಧಾರ್ ಆ ಮೀಟರಿನ ಆರ್‌ಆರ್ ಸಂಖ್ಯೆಗೆ ಜೋಡಣೆಯಾಗಿಯೇ ಉಳಿದಿದ್ದರೆ ಹೊಸಬರಿಗೆ ತಮ್ಮ ಹೆಸರಿನಲ್ಲಿ ನೋಂದಾಯಿಸಿಕೊಳ್ಳಲು ತೊಡಕಾಗುತ್ತದೆ. ಆದ್ದರಿಂದ ಸರ್ಕಾರದ ಸೇವಾಸಿಂಧು ಜಾಲತಾಣದಲ್ಲಿ ಆ ಜೋಡಣೆಯನ್ನು ತೆಗೆಸಿ, ಕೊನೆಯ ರೀಡಿಂಗಿನವರೆಗಿನ ಬಾಕಿ ಕಟ್ಟಿಸಿದ ನಂತರವೇ ಹಳಬರ ಅಡ್ವಾನ್ಸಿನ ಲೆಕ್ಕ ಚುಕ್ತಾ ಮಾಡುತ್ತೇನೆ.