ಆನ್‌ಲೈನ್ ವಾದದಲ್ಲಿ ಯಾರ ಮನಸ್ಸು ಬದಲಾಗುತ್ತೆ?

"ಗುರುತು ಪರಿಚಯ ಇಲ್ಲದವರ ಜೊತೆ ಅಷ್ಟೊಂದು ವಾದ ಮಾಡ್ತೀಯಲ್ಲ, ಇವತ್ತಿನವರೆಗೆ ಒಬ್ಬರಾದ್ರೂ 'ಹೌದಪ್ಪಾ, ನೀನು ಹೇಳಿದ್ದೇ ಸರಿ' ಅಂದಿದ್ದಾರಾ?"

ನನ್ನನ್ನು ಬಲ್ಲವರು ಪದೇ ಪದೇ ಕೇಳುವ ಪ್ರಶ್ನೆ ಇದು. ಕೇಳುವ ಧಾಟಿಯಲ್ಲೇ ಅವರ ಉತ್ತರವೂ ಇರುತ್ತದೆ. ಯಾರೂ ಬದಲಾಗುವುದಿಲ್ಲ, ಎಲ್ಲರೂ ತಾವು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವವರೇ, ಸುಮ್ನೆ ಟೈಮ್ ವೇಸ್ಟ್.

ನನ್ನ ಉತ್ತರ ಬೇರೆ. ಮನಸ್ಸು ಬದಲಾಗುತ್ತದೆ. ಆದರೆ ಎದುರಿಗೆ ನಿಂತು ವಾದಿಸುತ್ತಿರುವವರದು ಬದಲಾಗುವುದು ಅಪರೂಪ. ಬದಲಾದರೂ ಎಲ್ಲರ ಮುಂದೆ, ಅದೇ ಗಳಿಗೆಯಲ್ಲಿ ಆಗುವುದು ಇನ್ನೂ ಅಪರೂಪ. ನಮ್ಮ ಕಣ್ಣಿಗೆ ಬೀಳುವುದು ಮಾತ್ರ ಆ ಒಬ್ಬರು, ಆ ಒಂದು ಗಳಿಗೆ. ಹಾಗಾಗಿ ಏನೂ ಆಗಲಿಲ್ಲ ಅನ್ನಿಸುತ್ತದೆ.

ಟೆಕ್ನಾಲಜಿ ಜಗಳಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು 1992ರದು. ಆಂಡ್ರ್ಯೂ ಟಾನೆನ್‌ಬಾಮ್ ಆಗ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಪ್ರೊಫೆಸರ್. ಆಪರೇಟಿಂಗ್ ಸಿಸ್ಟಂ, ಅಂದರೆ ಕಂಪ್ಯೂಟರನ್ನು ನಡೆಸುವ ಮೂಲ ಸಾಫ್ಟ್‌ವೇರ್ ಬಗ್ಗೆ ಪಠ್ಯಪುಸ್ತಕ ಬರೆದವರು, ಪಾಠ ಮಾಡಲೆಂದೇ ಮಿನಿಕ್ಸ್ ಅನ್ನುವ ಸಣ್ಣ ಸಿಸ್ಟಂ ಕಟ್ಟಿದವರು. ಲೀನಸ್ ಟೊರ್ವಾಲ್ಡ್ಸ್ ಹೆಲ್ಸಿಂಕಿಯ 22 ವರ್ಷದ ವಿದ್ಯಾರ್ಥಿ. ಅವನು ಬರೆದ ಲಿನಕ್ಸ್ ಅನ್ನುವ ಸಿಸ್ಟಂ ಹೊರಬಂದು ಆಗಿನ್ನೂ ಕೆಲವೇ ತಿಂಗಳು. ಜನವರಿ 29ರಂದು ಆಗಿನ ಆನ್‌ಲೈನ್ ಚರ್ಚಾಜಾಲವಾದ ಯೂಸ್‌ನೆಟ್‌ನಲ್ಲಿ, ಮಿನಿಕ್ಸ್ ಬಳಸುವವರ ಗುಂಪಿನಲ್ಲಿ ಪ್ರೊಫೆಸರ್ ಒಂದು ಸಂದೇಶ ಹಾಕಿದರು. ತಲೆಬರಹವೇ ಲಿನಕ್ಸ್ ಓಬೀರಾಯನ ಕಾಲದ್ದು ಅನ್ನುವ ಅರ್ಥದ್ದು.

ಅವರ ತಕರಾರು ಇಷ್ಟು. ಸಿಸ್ಟಂನ ತಿರುಳು, ಅಂದರೆ ಕರ್ನೆಲ್, ಚಿಕ್ಕದಾಗಿರಬೇಕು. ಫೈಲ್ ನೋಡಿಕೊಳ್ಳುವ ಕೆಲಸ, ಹಾರ್ಡ್‌ವೇರ್ ಓಡಿಸುವ ಡ್ರೈವರ್‌ಗಳು ಎಲ್ಲ ಅದರ ಹೊರಗೆ ಬೇರೆ ಬೇರೆ ಪ್ರೋಗ್ರಾಂಗಳಾಗಿ ಓಡಬೇಕು. ಲಿನಕ್ಸ್ ಎಲ್ಲವನ್ನೂ ಒಂದೇ ದೊಡ್ಡ ಕರ್ನೆಲ್‌ಗೆ ತುಂಬಿಕೊಂಡಿದೆ, ಇದು 1970ರ ದಶಕಕ್ಕೆ ವಾಪಸ್ ಹೋದ ಹಾಗೆ. ಸಾಲದ್ದಕ್ಕೆ ಇಂಟೆಲ್‌ನ ಒಂದೇ ಬಗೆಯ ಪ್ರೊಸೆಸರ್‌ಗೆ ಅಂಟಿಕೊಂಡಿದೆ. ಹುಡುಗ ಅದೇ ದಿನ ಖಾರವಾಗಿ ಉತ್ತರ ಕೊಟ್ಟ. ಹುಡುಗ ಅದೇ ದಿನ ಖಾರವಾಗಿ ಉತ್ತರ ಕೊಟ್ಟ. ಹುಡುಗ ತನ್ನ ಧಾಟಿ ಅತಿಯಾಯಿತು ಅಂತ ಕ್ಷಮೆ ಕೇಳಿದ. ತನ್ನ ವಾದವನ್ನು ಮಾತ್ರ ಬಿಡಲಿಲ್ಲ.

ಆ ಚರ್ಚೆ ಓದಿದರೆ ಇಬ್ಬರೂ ಒಂದಿಂಚೂ ಕದಲಿದ ಹಾಗೆ ಕಾಣುವುದಿಲ್ಲ. ಈಗ ಮುಂದಿನದು ನೋಡಿ. ಇಂಟೆಲ್‌ಗೆ ಅಂಟಿಕೊಂಡಿದೆ ಅನ್ನುವ ದೂರು ಕೆಲವೇ ವರ್ಷಗಳಲ್ಲಿ ಹಳೆಯದಾಯಿತು, ಲಿನಕ್ಸ್ ಬೇರೆ ಪ್ರೊಸೆಸರ್‌ಗಳ ಮೇಲೂ ಓಡತೊಡಗಿತು. ಆ ಜಗಳದಿಂದಲೇ ಹೀಗಾಯಿತು ಅಂತ ನಾನು ಹೇಳುವುದಿಲ್ಲ. ಆದರೆ ದೂರು ತಪ್ಪಾಗಿರಲಿಲ್ಲ ಅನ್ನುವುದಂತೂ ನಿಜ. ಇವತ್ತು ಆಂಡ್ರಾಯ್ಡ್ ಫೋನ್‌ಗಳ ಒಳಗಿರುವುದು ಲಿನಕ್ಸ್ ಕರ್ನೆಲ್. 2017ರ ನವೆಂಬರ್‌ನ ಪಟ್ಟಿಯಲ್ಲಿ ಜಗತ್ತಿನ ಅತಿ ವೇಗದ 500 ಸೂಪರ್ ಕಂಪ್ಯೂಟರ್‌ಗಳೂ ಲಿನಕ್ಸ್ ಮೇಲೆಯೇ ಓಡುತ್ತಿದ್ದವು. ಹಾಗಾದರೆ ಪ್ರೊಫೆಸರ್ ಸೋತರಾ? ಅದೇ 2017ರಲ್ಲಿ ಇನ್ನೊಂದು ಸುದ್ದಿ ಹರಡಿತು. ಇಂಟೆಲ್ ತನ್ನ ಚಿಪ್‌ಗಳ ಜೊತೆಗೆ ಒಳಗೊಳಗೇ ಓಡಿಸುವ ಮ್ಯಾನೇಜ್‌ಮೆಂಟ್ ಎಂಜಿನ್‌ನಲ್ಲಿ ಇದ್ದದ್ದು ಮಿನಿಕ್ಸ್! ಟಾನೆನ್‌ಬಾಮ್ ಇಂಟೆಲ್‌ಗೆ ಬಹಿರಂಗ ಪತ್ರವನ್ನೇ ಬರೆದರು. ಯಾವ ಇಂಟೆಲ್ ಪ್ರೊಸೆಸರ್‌ಗಳ ಕಾಲ ಮುಗಿಯಿತು ಅಂತ ಅವರು 1992ರಲ್ಲಿ ಅಂದಿದ್ದರೋ, ಅವುಗಳ ಜೊತೆಯಲ್ಲೇ ಅವರ ಸಿಸ್ಟಂ ಲೆಕ್ಕವಿಲ್ಲದಷ್ಟು ಕಂಪ್ಯೂಟರ್‌ಗಳಿಗೆ ಹೋಗಿತ್ತು.

ನಡುವೆ 2004ರಲ್ಲಿ ನಡೆದದ್ದು ನನಗೆ ಇದಕ್ಕಿಂತ ಮುಖ್ಯ. ಅಮೆರಿಕದ ಅಲೆಕ್ಸಿಸ್ ದ ಟೋಕ್‌ವಿಲ್ ಇನ್‌ಸ್ಟಿಟ್ಯೂಷನ್‌ನ ಕೆನ್ ಬ್ರೌನ್, ಒಬ್ಬ ವಿದ್ಯಾರ್ಥಿ ಒಂಟಿಯಾಗಿ ಇಂಥದ್ದನ್ನು ಬರೆಯಲು ಸಾಧ್ಯವಿಲ್ಲ, ಲಿನಕ್ಸ್ ಮಿನಿಕ್ಸ್‌ನಿಂದ ಎತ್ತಿದ್ದಿರಬೇಕು ಅನ್ನುವ ವಾದ ಹೂಡಿದ. ಹಳೇ ಸೇಡು ತೀರಿಸಿಕೊಳ್ಳಲು ಇದಕ್ಕಿಂತ ಒಳ್ಳೆ ಅವಕಾಶ ಬೇಕಾ? ಟಾನೆನ್‌ಬಾಮ್ ಮಾಡಿದ್ದು ಉಲ್ಟಾ. ಲಿನಕ್ಸ್ ಬರೆದದ್ದು ಲೀನಸ್ ಅಂತ ಬಹಿರಂಗವಾಗಿ ಬರೆದರು. ಒಬ್ಬನೇ ಇಂಥದ್ದನ್ನು ಬರೆಯಬಹುದು, ಯಾಕೆಂದರೆ ನಾನೇ ಬರೆದಿದ್ದೇನೆ ಅನ್ನುವುದು ಅವರ ನಿಲುವು. ಮೈಕ್ರೋಕರ್ನೆಲ್, ಅಂದರೆ ಆ ಚಿಕ್ಕ ಕರ್ನೆಲ್ ವಿಷಯದಲ್ಲಿ ಮಾತ್ರ ಆಗಲೂ ಅವರದು ಹಳೇ ಅಭಿಪ್ರಾಯವೇ. ಒಳ್ಳೆ ವಾದ ಅಂದರೆ ನನಗೆ ಇದು. ಹನ್ನೆರಡು ವರ್ಷ ಒಪ್ಪದೇ ಇದ್ದರೂ ಸುಳ್ಳು ಎದುರಾದಾಗ ಯಾವ ಕಡೆ ನಿಲ್ಲಬೇಕು ಅಂತ ಗೊಂದಲವಾಗದೇ ಇರುವುದು.

ಎಲ್ಲ ಟೆಕ್ ಜಗಳಗಳೂ ಇಷ್ಟು ಘನವಾಗಿರುವುದಿಲ್ಲ, ಬಿಡಿ. ಹೆಚ್ಚಿನವು ನಮ್ಮ ಫೋನ್ ಒಳ್ಳೇದು, ನಿಮ್ಮ ಫೋನ್ ಡಬ್ಬಾ ಅನ್ನುವ ಮಟ್ಟದವು. ಕೈಯಲ್ಲಿರುವ ವಸ್ತುವಿಗೆ ಜನ ಯಾಕೆ ಇಷ್ಟು ಮೈಮೇಲೆ ಬಂದವರ ಹಾಗೆ ಆಡುತ್ತಾರೆ? 1956ರಲ್ಲಿ ಜ್ಯಾಕ್ ಬ್ರೆಮ್ ಅನ್ನುವ ಮನೋವಿಜ್ಞಾನಿ ಒಂದು ಪ್ರಯೋಗ ಮಾಡಿದ. ಮನೆಬಳಕೆಯ ವಸ್ತುಗಳಿಗೆ ಅಂಕ ಕೊಡಿಸಿದ, ಆಮೇಲೆ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ ಅಂದ. ಆರಿಸಿಕೊಂಡ ಮೇಲೆ ಮತ್ತೆ ಅಂಕ ಕೇಳಿದರೆ, ತಮ್ಮದಾದ ವಸ್ತುವಿಗೆ ಅಂಕ ಏರಿತ್ತು, ಬಿಟ್ಟ ವಸ್ತುವಿಗೆ ಇಳಿದಿತ್ತು. ವಸ್ತುಗಳು ಇದ್ದ ಹಾಗೇ ಇದ್ದವು.

ಇದರ ಮೇಲೆ ಗುಂಪು ಬೇರೆ. ಹೆನ್ರಿ ಟಾಜ್‌ಫೆಲ್ 1970ರ ಸುಮಾರಿಗೆ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಶಾಲೆ ಹುಡುಗರಿಗೆ ಕ್ಲೀ ಮತ್ತು ಕ್ಯಾಂಡಿನ್‌ಸ್ಕಿ ಅನ್ನುವ ಇಬ್ಬರು ಕಲಾವಿದರ ಚಿತ್ರ ತೋರಿಸಿ, ನೀನು ಇವರ ಕಡೆ, ನೀನು ಅವರ ಕಡೆ ಅಂತ ಹೇಳಿದ. ನಿಜಕ್ಕೂ ಯಾವ ಹುಡುಗ ಯಾವ ಗುಂಪಿಗೆ ಅನ್ನುವುದು ಬರೀ ಲಾಟರಿ. ಆಮೇಲೆ ದುಡ್ಡಿನ ಬೆಲೆಯಿರುವ ಅಂಕ ಹಂಚಲು ಹೇಳಿದ. ಹುಡುಗರು ತಮ್ಮ ಗುಂಪಿನತ್ತ ವಾಲಿದರು. ಇಷ್ಟಾದರೆ ಆಶ್ಚರ್ಯವಿಲ್ಲ. ತಮ್ಮವರಿಗೆ ಒಟ್ಟಾರೆ ಕಡಿಮೆ ಸಿಕ್ಕರೂ ಪರವಾಗಿಲ್ಲ, ಆ ಕಡೆಯವರಿಗಿಂತ ಅಂತರ ಜಾಸ್ತಿ ಇರಬೇಕು ಅನ್ನುವ ಸೆಳೆತವೂ ಕಂಡಿತು. ಚಿತ್ರಕಲೆ ಗೊತ್ತಿಲ್ಲದ ಹುಡುಗರು ಕಲಾವಿದರ ಹೆಸರಿನಲ್ಲೇ ಹೀಗೆ ಆಡಿದರೆ, ಎರಡು ವರ್ಷಕ್ಕೊಂದು ಫೋನ್ ಕೊಳ್ಳುವವರನ್ನು ಏನು ಅನ್ನೋಣ? ಇಂಥ ಜಗಳಕ್ಕೆ ನಾನು ಹೋಗುವುದಿಲ್ಲ. ವಿಐ ಮತ್ತು ಇಮ್ಯಾಕ್ಸ್ ಅನ್ನುವ ಎರಡು ಟೆಕ್ಸ್ಟ್ ಎಡಿಟರ್‌ಗಳು 1976ರಿಂದ ಇವೆ, ಯಾವುದು ಮೇಲು ಅನ್ನುವ ಯುದ್ಧವೂ ಹೆಚ್ಚುಕಡಿಮೆ ಅಷ್ಟೇ ಹಳೆಯದು. ಎರಡನ್ನೂ ಬಳಸುವವರು ಇವತ್ತಿಗೂ ಇದ್ದಾರೆ. ಮುಗೀತಲ್ಲ.

ರಾಜಕೀಯದ ಕಥೆ ಬೇರೆ. ಇಲ್ಲಿ ಬಹಳ ಜನ ನಂಬಿರುವ ಒಂದು ಮಾತಿದೆ: ತಪ್ಪು ತಿದ್ದಲು ಹೋದರೆ ಜನ ತಮ್ಮ ತಪ್ಪನ್ನೇ ಇನ್ನೂ ಗಟ್ಟಿಯಾಗಿ ಹಿಡಿಯುತ್ತಾರೆ. ಈ ಮಾತು ಹಬ್ಬಿದ್ದಕ್ಕೆ ಕಾರಣ 2010ರ ಒಂದು ಅಧ್ಯಯನ. ಬ್ರೆಂಡನ್ ನೈಹನ್ ಮತ್ತು ಜೇಸನ್ ರೈಫ್ಲರ್ ಅದನ್ನು ಮಾಡಿದವರು. ಆಮೇಲೆ ಥಾಮಸ್ ವುಡ್ ಮತ್ತು ಈಥನ್ ಪೋರ್ಟರ್ 52 ವಿಷಯಗಳ ಮೇಲೆ, ಹತ್ತು ಸಾವಿರಕ್ಕೂ ಹೆಚ್ಚು ಜನರ ಜೊತೆ ಇದನ್ನೇ ಪರೀಕ್ಷಿಸಿದರು. ಉಲ್ಟಾ ಹೊಡೆಯುವ ಪರಿಣಾಮ ಹುಡುಕಿದರೂ ಸಿಗುವುದು ಕಷ್ಟವಾಯಿತು. ಸರಿಯಾದ ಮಾಹಿತಿ ಕೊಟ್ಟರೆ ಜನ ಸಾಮಾನ್ಯವಾಗಿ ಅದರತ್ತಲೇ ಸರಿಯುತ್ತಾರೆ.

ಆಮೇಲೆ ಈ ನಾಲ್ವರೂ ಜೊತೆ ಸೇರಿ ಒಂದು ಅಧ್ಯಯನ ಮಾಡಿದರು. ವಿರುದ್ಧ ಫಲಿತಾಂಶ ಕಂಡವರು ಕಿತ್ತಾಡುವ ಬದಲು ಕೂಡಿ ಕೆಲಸ ಮಾಡುವುದು, ಎಷ್ಟು ಚೆಂದ ಅಲ್ವಾ! 2016ರ ಅಮೆರಿಕ ಚುನಾವಣೆ ಹೊತ್ತಿನಲ್ಲಿ ಟ್ರಂಪ್ ಅಪರಾಧ ಮತ್ತು ನಿರುದ್ಯೋಗದ ಬಗ್ಗೆ ಆಡಿದ ತಪ್ಪು ಮಾತುಗಳನ್ನು ತಿದ್ದಿ ಜನರಿಗೆ ತೋರಿಸಿದರು. ಟ್ರಂಪ್ ಬೆಂಬಲಿಗರೂ ತಿದ್ದುಪಡಿ ಒಪ್ಪಿಕೊಂಡರು. ಬೆಂಬಲ ಮಾತ್ರ ಕದಲಲಿಲ್ಲ.

ಇದನ್ನು ಓದಿ "ನೋಡಿದ್ಯಾ, ಆ ಪಕ್ಷದವರೇ ಹಾಗೆ" ಅನ್ನುವವರು ಬೇಕಾದಷ್ಟಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಯಾರೂ ಒಂದೇ ಅಂಕಿ ನೋಡಿ ವೋಟು ಹಾಕುವುದಿಲ್ಲ. ಅದರ ಹಿಂದೆ ಹತ್ತಾರು ಕಾರಣ, ಭಯ, ಆಸೆ ಇರುತ್ತವೆ. ಅದರಲ್ಲಿ ಒಂದು ತಪ್ಪು ಅಂತ ಗೊತ್ತಾದರೆ ಉಳಿದದ್ದು ಬೀಳಬೇಕು ಅಂತೇನಿಲ್ಲ. ನಿಮ್ಮ ಮೆಚ್ಚಿನ ನಾಯಕರ ಒಂದು ಮಾತು ಸುಳ್ಳು ಅಂತ ನಾಳೆ ತೋರಿಸಿದರೆ ನೀವು ಪಕ್ಷ ಬದಲಿಸುತ್ತೀರಾ?

ದುಡ್ಡು ಕಟ್ಟಿ ಸೋತವರೂ ಬದಲಾಗುವುದಿಲ್ಲ. ಜನಸಂಖ್ಯೆ ಏರಿದರೆ ಭೂಮಿಯ ಸಂಪತ್ತು ಖಾಲಿಯಾಗುತ್ತದೆ ಅಂತ ಜೀವವಿಜ್ಞಾನಿ ಪಾಲ್ ಎರ್ಲಿಕ್, ಇಲ್ಲ, ಮನುಷ್ಯನ ಬುದ್ಧಿ ದಾರಿ ಹುಡುಕುತ್ತದೆ ಅಂತ ಅರ್ಥಶಾಸ್ತ್ರಜ್ಞ ಜೂಲಿಯನ್ ಸೈಮನ್. 1980ರಲ್ಲಿ ಇಬ್ಬರೂ ಪಂಥ ಕಟ್ಟಿದರು. ತಾಮ್ರ, ಕ್ರೋಮಿಯಂ, ನಿಕಲ್, ತವರ, ಟಂಗ್‌ಸ್ಟನ್, ಈ ಐದರ ಬೆಲೆ ಹತ್ತು ವರ್ಷದಲ್ಲಿ ಏರುತ್ತದಾ ಇಳಿಯುತ್ತದಾ? 1990ಕ್ಕೆ ಇಳಿದಿತ್ತು. ಎರ್ಲಿಕ್ 576.07 ಡಾಲರ್‌ನ ಚೆಕ್ ಕಳಿಸಿದರು. ಅಭಿಪ್ರಾಯ ಬದಲಿಸಲಿಲ್ಲ. ಮೊಂಡುತನ ಅನ್ನಬಹುದು. ಆದರೆ ಬೇರೆ ಹತ್ತು ವರ್ಷ ಆರಿಸಿಕೊಂಡಿದ್ದರೆ ಅವರೇ ಗೆಲ್ಲುವ ಸಾಧ್ಯತೆಯೂ ಚೆನ್ನಾಗಿಯೇ ಇತ್ತು. ಒಂದು ಸೋಲು ಒಂದು ಸೋಲಷ್ಟೇ.

ಹಾಗಾಗಿ ರಾಜಕೀಯದ ವಾದದಲ್ಲಿ ನಾನು ಪಕ್ಷ ಬದಲಿಸಿ ಅಂತ ಯಾರಿಗೂ ಹೇಳುವುದಿಲ್ಲ. ಅಂಕಿ ತಪ್ಪಿದ್ದರೆ ಸರಿಯಾದದ್ದನ್ನು, ಅದು ಎಲ್ಲಿಂದ ಬಂತು ಅನ್ನುವುದರ ಸಮೇತ ಹಾಕುತ್ತೇನೆ. ಎದುರಿನವರು ಒಪ್ಪದಿದ್ದರೂ ಅದು ವ್ಯರ್ಥ ಅಲ್ಲ, ಯಾಕೆಂದರೆ ನಾನು ಬರೆಯುವುದು ಹೆಚ್ಚಾಗಿ ಓದುವವರಿಗೆ. ವೆಬ್ ಬಳಕೆಯನ್ನು ಅಧ್ಯಯನ ಮಾಡುವ ಯಾಕೋಬ್ ನೀಲ್ಸನ್ 2006ರಲ್ಲಿ ಒಂದು ಅಂದಾಜು ಕೊಟ್ಟಿದ್ದರು: ನೂರರಲ್ಲಿ 90 ಜನ ಸುಮ್ಮನೆ ಓದುತ್ತಾರೆ, 9 ಜನ ಆಗಾಗ ಬರೆಯುತ್ತಾರೆ, ಜಾಸ್ತಿ ಬರೆಯುವುದು ಒಬ್ಬರು. ಇದು ಒರಟು ಲೆಕ್ಕ, ಎಲ್ಲ ಕಡೆ ಹೀಗೇ ಇರಬೇಕಿಲ್ಲ. ಆದರೂ ಯಕ್ಷಗಾನದ ಪ್ರಸಂಗದಲ್ಲಿ ಕೃಷ್ಣ ಕೌರವನಿಗೆ ಹೇಳಿದ ಬುದ್ಧಿಮಾತನ್ನು ಕೇಳಿಸಿಕೊಳ್ಳುವವರು ಎದುರು ಕೂತ ಜನವೇ ಹೊರತು ಕೌರವನಲ್ಲ. ಆ ಜನರಿಗೆ ಕಟ್ಟಿಕೊಂಡ ಮಾನ ಇರುವುದಿಲ್ಲ, ಎಲ್ಲರ ಮುಂದೆ ತಲೆಬಾಗುವ ಕಷ್ಟ ಇರುವುದಿಲ್ಲ. ಅವರು ಆರಾಮಾಗಿ ಬದಲಾಗಬಹುದು, ಯಾರಿಗೂ ಹೇಳಬೇಕಾಗಿಯೂ ಇಲ್ಲ.

ಎದುರಿನವರೇ ಬದಲಾಗುವ ಜಾಗವೂ ಇದೆ. ರೆಡಿಟ್ ಅನ್ನುವ ಚರ್ಚಾ ತಾಣದ ಚೇಂಜ್ ಮೈ ವ್ಯೂ ಗುಂಪಿನಲ್ಲಿ ಜನ ತಮ್ಮ ಅಭಿಪ್ರಾಯ ಹಾಕಿ, ಸಾಧ್ಯವಾದರೆ ಬದಲಿಸಿ ನೋಡೋಣ ಅನ್ನುತ್ತಾರೆ. ಬದಲಾದರೆ ಬದಲಿಸಿದವರಿಗೆ ಡೆಲ್ಟಾ ಗುರುತು ಕೊಡುತ್ತಾರೆ. ಕಾರ್ನೆಲ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಈ ವಾದಗಳನ್ನು ರಾಶಿ ಹಾಕಿಕೊಂಡು ನೋಡಿದರು. ಎದುರಿನವರು ಬಳಸದ ಹೊಸ ಪದಗಳನ್ನು, ಅಂದರೆ ಹೊಸ ವಿಚಾರವನ್ನು ತಂದವರು ಜಾಸ್ತಿ ಗೆದ್ದಿದ್ದರು. "ಹೀಗಿರಬಹುದು", "ನನಗನ್ನಿಸುವ ಮಟ್ಟಿಗೆ" ಅಂತ ಮೆತ್ತಗೆ ಹೇಳಿದವರಿಗೂ ಲಾಭವಿತ್ತು. ನನಗೆ ತುಂಬಾ ಉಪಯೋಗಕ್ಕೆ ಬಂದದ್ದು ಇನ್ನೊಂದು. ಸ್ವಲ್ಪ ಹಿಂದೆ ಮುಂದೆ ಮಾತಾದರೆ ಒಳ್ಳೆಯದು, ಆದರೆ ಐದು ಸುತ್ತು ದಾಟಿದರೆ ಮನಸ್ಸು ಬದಲಾಗುವ ಸಾಧ್ಯತೆ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಅದು ಬದಲಾಗಲು ತಯಾರಾಗಿ ಬಂದವರ ಗುಂಪು. ಉಳಿದ ಕಡೆ ಐದೂ ಜಾಸ್ತಿ, ನಾನು ಮೂರಕ್ಕೆ ನಿಲ್ಲಿಸುತ್ತೇನೆ.

ಕೋಪದ ಬಗ್ಗೆ ಹೆಚ್ಚು ಹೇಳುವುದಿಲ್ಲ. 2017ರ ಒಂದು ಅಧ್ಯಯನದ ಪ್ರಕಾರ ಟ್ವಿಟರ್‌ನಲ್ಲಿ ನೀತಿ ಮತ್ತು ಭಾವನೆ ಎರಡೂ ಬೆರೆತ ಒಂದೊಂದು ಪದಕ್ಕೂ ಸಂದೇಶ ಹರಡುವುದು ಸುಮಾರು 20 ಶೇಕಡ ಜಾಸ್ತಿಯಾಗುತ್ತಿತ್ತು. ಫೇಸ್‌ಬುಕ್ ಒಂದು ಕಾಲಕ್ಕೆ ಸಿಟ್ಟಿನ ಮುಖಕ್ಕೆ ಲೈಕ್‌ಗಿಂತ ಐದು ಪಟ್ಟು ತೂಕ ಕೊಡುತ್ತಿತ್ತು. ನಿಮ್ಮ ಮಾತು ದೂರ ಹೋಗಬೇಕಾ, ಸಿಟ್ಟು ಮಾಡಿ. ಒಳಗೆ ಇಳಿಯಬೇಕಾ, ಸಿಟ್ಟು ಕೆಲಸಕ್ಕೆ ಬರುವುದಿಲ್ಲ.

ಇನ್ನು ದೇವರು, ಧರ್ಮ, ಯಾರು ಹೇಗೆ ಬದುಕಬೇಕು ಅನ್ನುವ ನಂಬಿಕೆಗಳು. ಇಲ್ಲಿ ನಾನು ವಾದಕ್ಕೇ ಇಳಿಯುವುದಿಲ್ಲ, ಕೇಳುತ್ತೇನೆ. ಡೇವಿಡ್ ಬ್ರೂಕ್‌ಮನ್ ಮತ್ತು ಜೋಶುವಾ ಕಲ್ಲಾ 2016ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಅಮೆರಿಕದ ಮಯಾಮಿಯಲ್ಲಿ ಕಾರ್ಯಕರ್ತರು ಮನೆ ಮನೆಗೆ ಹೋಗಿ ಲಿಂಗತ್ವ ಅಲ್ಪಸಂಖ್ಯಾತರ ಬಗ್ಗೆ ಹತ್ತು ನಿಮಿಷ ಮಾತಾಡಿದರು. ಅಂಕಿ ಅಂಶ ಸುರಿಯಲಿಲ್ಲ. ಬೇರೆ ಥರ ಇದ್ದೀರಿ ಅಂತ ನಿಮ್ಮನ್ನೇ ಜನ ಯಾವಾಗಲಾದರೂ ಕೀಳಾಗಿ ಕಂಡಿದ್ದಾರಾ, ನೆನಪಿಸಿಕೊಳ್ಳಿ ಅಂದರು. ಪೂರ್ವಗ್ರಹ ಕಡಿಮೆಯಾಯಿತು, ಮೂರು ತಿಂಗಳ ನಂತರವೂ ಆ ಪರಿಣಾಮ ಉಳಿದಿತ್ತು. ಮುಂದೆ ಫೋನಿನಲ್ಲಿ ಮಾಡಿದಾಗಲೂ ಈ ಬಗೆಯ ಮಾತು ಫಲ ಕೊಟ್ಟಿತು. ಎರಡರಲ್ಲೂ ದನಿ ಇದೆ, ಒಬ್ಬರಿಗೊಬ್ಬರೇ ಇದ್ದಾರೆ, ನೋಡುವ ಮೂರನೆಯವರಿಲ್ಲ. ಹಾಗಾಗಿ ನಂಬಿಕೆಯ ವಿಷಯ ಬಂದರೆ ನಾನು ಅದನ್ನು ಗುಂಪಿನಿಂದ ಹೊರಗೆ ತರುತ್ತೇನೆ. ಖಾಸಗಿಯಾಗಿ ಮಾತಾಡೋಣವಾ ಅಂತ ಕೇಳುತ್ತೇನೆ. ಬೇಡ ಅಂದರೆ ಅಲ್ಲಿಗೆ ಬಿಡುತ್ತೇನೆ.

ಇಷ್ಟು ಹೇಳಿದ ಮೇಲೆ ಬೆನ್ನಿಗೇ ಇನ್ನೊಂದು ಪ್ರಶ್ನೆ ಬರುತ್ತದೆ: ಮೂರು ಸುತ್ತಿಗೇ ಎದ್ದು ಬಂದರೆ ಕೊನೆ ಮಾತು ಅವರದೇ ಆಗಲ್ವಾ, ಸೋತ ಹಾಗಲ್ವಾ? ಆಗಲಿ ಬಿಡಿ. ನಲವತ್ತನೇ ಉತ್ತರದವರೆಗೆ ಇಳಿದು ಓದುವ ತಾಳ್ಮೆ ಇರುವುದು ಜಗಳ ಆಡುತ್ತಿರುವ ಇಬ್ಬರಿಗೆ ಮಾತ್ರ. ನನ್ನ ಅಂಕಿಗೆ ಅವರು ಬೇರೆ ಅಂಕಿ ತಂದರೆ ಮಾತ್ರ ವಾಪಸ್ ಹೋಗುತ್ತೇನೆ, ಅವರದು ಸರಿಯಿದ್ದರೆ ಅಲ್ಲೇ ಸರಿ ಅಂತ ಬರೆಯುತ್ತೇನೆ. ಬೈಗುಳ ತಂದರೆ ನೋಟಿಫಿಕೇಶನ್ ಆಫ್.