ಮಟ್ಟ ಕೇಳಿದರು, ವಾಟ ಮರೆತೆ

ಮಲೆನಾಡಿನಲ್ಲಿ ಜೆಸಿಬಿ ಇಟ್ಟುಕೊಂಡವನಿಗೆ ವರ್ಷ ಅಂದರೆ ಏಳು ತಿಂಗಳು. ನವೆಂಬರಿನಲ್ಲಿ ನೆಲ ಗಟ್ಟಿಯಾಗುತ್ತದೆ, ಜೂನ್‌ನಲ್ಲಿ ಮಷಿನ್ ಶೆಡ್ ಸೇರುತ್ತದೆ. ಕಂತು ಮಾತ್ರ ಹನ್ನೆರಡು ತಿಂಗಳೂ ಬರುತ್ತದೆ. ತೀರ್ಥಹಳ್ಳಿ ಕಡೆ ಒಂದು ಜೆಸಿಬಿ, ಎರಡು ಟಿಪ್ಪರ್ ಇಟ್ಟುಕೊಂಡು ಸೈಟ್ ಲೆವೆಲ್, ಚರಂಡಿ, ಮೋರಿ ಕೆಲಸ ಮಾಡುತ್ತೇನೆ. ಮೇ ತಿಂಗಳಲ್ಲಿ ಫೋನ್ ಮಾಡುವವರದ್ದೆಲ್ಲ ಒಂದೇ ಮಾತು. "ಮಳೆ ಹಿಡಿಯೋದ್ರೊಳಗೆ ಸಮ ಮಾಡಿಕೊಡಿ."

2019ರ ಮೇ ತಿಂಗಳಲ್ಲಿ ನಾನೂ ಹಾಗೇ ಒಂದು ಜಾಗ ಸಮ ಮಾಡಿಕೊಟ್ಟೆ. ಅರ್ಧ ಎಕರೆ, ಇಳಿಜಾರು. ಮೇಲೆ ಗುಡ್ಡ, ಕೆಳಗೆ ಬೇರೆಯವರ ಅಡಿಕೆ ತೋಟ. ಮೇಲಿನ ಬದಿ ಗುಡ್ಡ ಕಡಿದು ಹನ್ನೆರಡು ಅಡಿ ಎತ್ತರದ ಧರೆ, ಅಂದರೆ ಮಣ್ಣಿನ ಗೋಡೆ, ನಿಲ್ಲಿಸಿದೆವು. ಬಕೆಟ್ ಹಲ್ಲಿನ ಗೆರೆ ಕಾಣುವಷ್ಟು ನೇರ. ಮನೆಯವರಿಗೆ ಖುಷಿ, ಜಾಗ ಉಳಿಯಿತಲ್ಲ. ಕಡಿದ ಮಣ್ಣನ್ನೆಲ್ಲ ಕೆಳಗಿನ ಬದಿಗೆ ತಳ್ಳಿ, ಮೇಲೆ ಮಷಿನ್ ನಾಲ್ಕು ಸಲ ಓಡಾಡಿಸಿ, ಮೂಲೆಯಲ್ಲಿ ಅರ್ಧ ಅಡಿ ಅಗಲದ ಪೈಪ್ ಒಂದನ್ನು ಹೂತಿಟ್ಟು ಬಂದೆವು. ರಸಮಟ್ಟ ಇಟ್ಟರೆ ಗುಳ್ಳೆ ನಡುವೆ ನಿಲ್ಲುವಂತಿತ್ತು ಅಂಗಳ. ಫೋಟೋ ತೆಗೆದು ಸ್ಟೇಟಸ್ ಕೂಡ ಹಾಕಿದ್ದೆ.

ಆ ಆಗಸ್ಟಿನ ಮಳೆ ನಮ್ಮ ಕಡೆಯವರಿಗೆ ನೆನಪಿರುತ್ತದೆ. ಶಿವಮೊಗ್ಗ ಪೇಟೆಯೊಳಗೇ ತುಂಗೆ ನುಗ್ಗಿದ ವರ್ಷ. ಬೆಳಿಗ್ಗೆ ಆರಕ್ಕೆ ಫೋನ್ ಬಂತು. ಹೋಗಿ ನೋಡಿದರೆ ಧರೆ ಕುಸಿದು ಅರ್ಧ ಅಂಗಳಕ್ಕೆ ಬಂದಿತ್ತು. ಪೈಪಿನ ಬಾಯಿಗೆ ತರಗೆಲೆ ಮೆತ್ತಿಕೊಂಡಿತ್ತು. ನಿಂತ ನೀರು ನಾವು ತುಂಬಿಸಿದ ಮಣ್ಣನ್ನೇ ಒಡೆದುಕೊಂಡು ಕೆಳಗಿನ ತೋಟಕ್ಕೆ ಇಳಿದಿತ್ತು. ಬಸಿಗಾಲುವೆಗಳೆಲ್ಲ ಕೆಂಪು ಕೆಸರು. ಸಸಿಗಳು ಅರ್ಧ ಹೂತುಹೋಗಿದ್ದವು. ತೋಟದ ಅಮ್ಮ ಕೊಡೆ ಹಿಡಿದು ನಿಂತಿದ್ದರು. ಬೈಯಲಿಲ್ಲ. "ತಮ್ಮಾ, ನಿನ್ನ ಚರಂಡಿ ನನ್ನ ತೋಟದಲ್ಲಿ ಮುಗಿಯುತ್ತಲ್ಲೋ" ಅಂದರು, ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ಮಳೆ ಬಿಟ್ಟ ಮೇಲೆ ಹನ್ನೊಂದು ದಿನ ಮಷಿನ್, ಟಿಪ್ಪರ್, ಆಳು, ಎಲ್ಲ ನನ್ನ ಖರ್ಚು. ತೋಟದೊಳಗೆ ಜೆಸಿಬಿ ಇಳಿಸುವ ಹಾಗಿಲ್ಲ, ಬೇರು ಹಾಳಾಗುತ್ತದೆ. ಕೆಸರನ್ನು ಬುಟ್ಟಿಯಲ್ಲಿ ಹೊರಿಸಿದೆವು.

ಲೆಕ್ಕ ಹಾಕಿದ್ದು ಆಮೇಲೆ. ಒಂದು ಎಕರೆ ಮೇಲೆ ಒಂದು ಇಂಚು ಮಳೆ ಬಿದ್ದರೆ ಸುಮಾರು 1 ಲಕ್ಷ ಲೀಟರ್ ನೀರು. ಮಳೆಗಾಲದಲ್ಲಿ ನಮ್ಮಲ್ಲಿ ಒಂದೇ ದಿನ ನಾಲ್ಕು ಇಂಚು ಸುರಿಯುವುದು ದೊಡ್ಡ ಸುದ್ದಿಯಲ್ಲ. ಅಂದರೆ ಆ ಅರ್ಧ ಎಕರೆಗೇ 2 ಲಕ್ಷ ಲೀಟರ್. ಗುಡ್ಡದಿಂದ ಇಳಿದು ಬರುವುದು ಬೇರೆ. ಅಷ್ಟಕ್ಕೂ ನಾನು ಕೊಟ್ಟಿದ್ದು ಅರ್ಧ ಅಡಿ ಪೈಪ್! ಪೈಪಿನ ಅಗಲ ಎರಡರಷ್ಟಾದರೆ ಅದೇ ವಾಟದಲ್ಲಿ, ಅಂದರೆ ನೀರು ಹರಿಯಲು ಕೊಡುವ ಅದೇ ಇಳಿಜಾರಿನಲ್ಲಿ, ಹರಿಯುವ ನೀರು ಸುಮಾರು ಆರರಷ್ಟಾಗುತ್ತದೆ. ಇದು ಆಗ ಗೊತ್ತಿದ್ದಿದ್ದರೆ ಒಂದು ಅಡಿಯ ಹ್ಯೂಮ್ ಪೈಪಿಗೆ (ಕಾಂಕ್ರೀಟ್ ಪೈಪು) ಆಗುವ ಜಾಸ್ತಿ ದುಡ್ಡನ್ನು ಕಣ್ಣು ಮುಚ್ಚಿ ಕೊಡುತ್ತಿದ್ದೆ.

ಗಾರೆಯವರು ಬಚ್ಚಲಿಗೂ ವಾಟ ಕೊಡುತ್ತಾರೆ. ನಾನು ಅರ್ಧ ಎಕರೆಗೆ ಕೊಟ್ಟಿರಲಿಲ್ಲ.

ಈಗ ಕೆಲಸ ಶುರುವಾಗುವುದು ಕೆಳಗಿನಿಂದ. ನೀರು ಕೊನೆಗೆ ಎಲ್ಲಿಗೆ ಸೇರಬೇಕು, ಆ ಹಳ್ಳ ಅಥವಾ ಮೋರಿ ಯಾರ ಜಾಗದಲ್ಲಿದೆ, ಅವರು ಒಪ್ಪುತ್ತಾರಾ ಅನ್ನುವುದು ಮೊದಲು. ಅಲ್ಲಿಂದ ಟ್ಯೂಬ್ ಲೆವೆಲ್, ಅಂದರೆ ಮಟ್ಟ ನೋಡುವ ನೀರು ತುಂಬಿದ ಟ್ಯೂಬು, ಹಿಡಿದು ಮೇಲಕ್ಕೆ ಬರುತ್ತೇವೆ. ನೂರು ಅಡಿಗೆ ಒಂದು ಅಡಿಯಾದರೂ ಇಳಿಯಬೇಕು. ಧರೆಯ ಮೇಲೆ, ಗುಡ್ಡದ ನೀರನ್ನು ಅಡ್ಡ ಹಿಡಿದು ಪಕ್ಕಕ್ಕೆ ಒಯ್ಯುವ ಒಂದು ಚರಂಡಿ. ಧರೆಯನ್ನು ನೇರ ಕಡಿಯುವುದಿಲ್ಲ, ಐದಾರು ಅಡಿಗೊಂದು ಮೆಟ್ಟಿಲು. ತುಂಬಿಸುವ ಮಣ್ಣು ಒಂಬತ್ತು ಇಂಚಿನ ಪದರದಂತೆ, ಪ್ರತಿ ಪದರಕ್ಕೂ ರೋಲರ್. ಜೆಸಿಬಿ ಟೈರು ರೋಲರ್ ಅಲ್ಲ, ಇದನ್ನು ಆಪರೇಟರಿಗೆ ಒಪ್ಪಿಸುವುದಕ್ಕೇ ನನಗೆ ಒಂದು ಸೀಸನ್ ಬೇಕಾಯಿತು.

ಟಿಪ್ಪರ್ ಲೆಕ್ಕದಲ್ಲೂ ಪೆಟ್ಟು ತಿಂದಿದ್ದೇನೆ. ನೆಲದಲ್ಲಿದ್ದಾಗ ನೂರು ಲೋಡ್ ಅಂತ ಕಾಣುವ ಮಣ್ಣು ಕಿತ್ತ ಮೇಲೆ ಉಬ್ಬಿ ನೂರಿಪ್ಪತ್ತು, ನೂರಿಪ್ಪತ್ತೈದು ಆಗುತ್ತದೆ. ಗುತ್ತಿಗೆ ಹೇಳುವಾಗ ಇದನ್ನು ಸೇರಿಸದೆ ಎರಡು ವರ್ಷ ಡೀಸೆಲ್ ದುಡ್ಡನ್ನು ಕೈಯಿಂದ ಹಾಕಿದೆ.

ಇನ್ನು ಗಂಟೆ ಲೆಕ್ಕ. ಮೀಟರ್ ಓಡುವಾಗ ಮನೆಯವರು ವಾಚ್ ನೋಡುತ್ತಾ ನಿಂತಿರುತ್ತಾರೆ. ಅಂಗಳ ಸಮ ಆಗುವುದು ಕಣ್ಣಿಗೆ ಕಾಣುತ್ತದೆ, ಚರಂಡಿ ತೋಡಿದ್ದು ಸುಮ್ನೆ ದುಡ್ಡು ದಂಡ ಅನ್ನಿಸುತ್ತದೆ. ಹಾಗಾಗಿ ಲೆವೆಲ್ ಕೆಲಸ ಗಂಟೆಗೆ, ಚರಂಡಿ ಮಾತ್ರ ಗುತ್ತಿಗೆ ಅಂತ ಬೇರೆ ಮಾಡಿದ್ದೇನೆ. ಚೀಟಿಯಲ್ಲಿ ನೀರು ಹೋಗುವ ದಾರಿಯ ಚಿತ್ರ ಬರೆದು, ಕೆಳಗಿನ ಜಾಗದವರ ಹತ್ತಿರವೂ ಸಹಿ ಹಾಕಿಸುತ್ತೇನೆ. ಕೆಲವರಿಗೆ ಸಿಟ್ಟು ಬರುತ್ತದೆ. "ನಮ್ಮ ಜಾಗಕ್ಕೆ ಅವರ ಸಹಿ ಯಾಕ್ರೀ?" ಅಂತ ಕೇಳಿ ಬೇರೆ ಮಷಿನ್ ಕರೆಸಿದವರು ಬೇಕಾದಷ್ಟಿದ್ದಾರೆ.

ಮಷಿನ್ ಶೆಡ್ಡಿನಲ್ಲಿರುವ ಮಳೆಗಾಲದಲ್ಲೇ ಈಗ ನನ್ನ ಅರ್ಧ ಕೆಲಸ. ಮುಂದಿನ ವರ್ಷ ಕಡಿಯುವ ಜಾಗಗಳನ್ನು ಮಳೆ ಸುರಿಯುವಾಗಲೇ ಹೋಗಿ ನೋಡುತ್ತೇನೆ. ಇಂಬಳ ಕಚ್ಚಿಸಿಕೊಂಡು, ಎಲ್ಲಿ ಒರತೆ ಏಳುತ್ತದೆ, ಯಾವ ಮೂಲೆಯಲ್ಲಿ ನೀರು ತಾನೇ ದಾರಿ ಮಾಡಿಕೊಂಡಿದೆ ಅಂತ ಗೂಟ ಹೊಡೆದು ಬರುತ್ತೇನೆ. ಬೇಸಿಗೆಯಲ್ಲಿ ಅದೇ ಜಾಗ ನೋಡಿದರೆ ಏನೂ ಗೊತ್ತಾಗುವುದಿಲ್ಲ.

ಈ ಸಲ ಒಬ್ಬರು ಚರಂಡಿಯ ಗುತ್ತಿಗೆ ಜಾಸ್ತಿಯಾಯಿತು ಅಂತ ಬೇರೆಯವರಿಂದ ಎರಡೇ ದಿನದಲ್ಲಿ ಸಮ ಮಾಡಿಸಿಕೊಂಡರು. ನಿನ್ನೆ ರಾತ್ರಿಯಿಂದ ಜೋರು ಮಳೆ. ಬೆಳಿಗ್ಗೆಯಿಂದ ಅವರದ್ದು ಎರಡು ಮಿಸ್ಡ್ ಕಾಲ್ ಇದೆ. ಟ್ಯೂಬು, ಗೂಟ ಜೀಪಿಗೆ ಹಾಕಿದ್ದೇನೆ.